ಸುಳ್ಳು ಜೇಬು

ಕೌಲ್ ಬಜಾರಿನಲ್ಲಿ ಮಧ್ಯಾಹ್ನ ಕರೆಂಟು ಹೋದರೆ
ಮೂವತ್ತೆರಡು ಮಷೀನು ಒಟ್ಟಿಗೇ ಉಸಿರು ಬಿಡುತ್ತವೆ.
ಸೂಜಿ ಅಲ್ಲೇ, ಬಟ್ಟೆಯಲ್ಲಿ ಅರ್ಧ ಮುಳುಗಿ.
ಆಗ ಬಂದ ಜಿಲಾನಿ,
ದಾರ ಕತ್ತರಿಸುವ ಹುಡುಗ, ಉಗುರೆಲ್ಲ ನೀಲಿ,
"ಅಕ್ಕಾ, ಇದೊಂದು ಆಡು ನೋಡಾಣ" ಅಂತ
ಗಾಜು ಸೀಳಿದ ಫೋನು ಕೊಟ್ಟ.
ನಗು ಮಾತ್ರ ಕೊಡದೆ ಕೆನ್ನೆಯೊಳಗೆ ಇಟ್ಟುಕೊಂಡ.

ಕಂಡದ್ದು ಗೆರೆಯಷ್ಟು ನೆಲ,
ಕಡ್ಡಿಯಂಥ ಒಬ್ಬ ಮನುಷ್ಯ,
ಆ ತುದಿಗೊಂದು ಬಾಗಿಲು. ನಡುವೆ ಖಾಲಿ.
"ಇದೇನಲೇ, ಕೂಸಿನಾಟ" ಅಂದೆ.
ಮೂರನೇ ಹೆಜ್ಜೆಗೆ ನೆಲ ಬಾಯಿ ತೆರೆಯಿತು.

ಮತ್ತೆ ಅದೇ ಮನುಷ್ಯ, ಬೇಸರವೇ ಇಲ್ಲದವನು.
ಈ ಸಲ ಹಳ್ಳ ಜಿಗಿದೆ;
ಕಾಲೂರಿದಲ್ಲೇ ಮುಳ್ಳು ಎದ್ದು ಬಂತು.
ಮುಳ್ಳು ತಪ್ಪಿಸಿದರೆ ಸೂರು ಕುಸಿಯಿತು.
ಕುಸಿಯಲಿ ಅಂತ ಕಾದು ನಿಂತರೆ
ಕಾದದ್ದಕ್ಕೇ ಸಿಟ್ಟಾಗಿ ಗೋಡೆ ಬಂದು ತಳ್ಳಿತು.
ಬಾಗಿಲ ಹತ್ತಿರ ಹೋದೆನೆಂದರೆ
ಬಾಗಿಲೇ ಎರಡು ಮಾರು ಸರಿದು ನಿಂತಿತು,
ಬಸ್ ಸ್ಟ್ಯಾಂಡಿನಲ್ಲಿ ಗುರುತಿದ್ದೂ
ಗುರುತಿಲ್ಲದ ನೆಂಟರ ಹಾಗೆ.

ಮೂಲೆಯಲ್ಲಿ ಸಾವಿನ ಲೆಕ್ಕ ಏರುತ್ತಿತ್ತು:
ಹದಿನೇಳು. ಇಪ್ಪತ್ತಾರು.
ಮೊದಲನೇ ಗೇಟಿನ ಕಡೆ ಅದಿರಿನ ಗೂಡ್ಸು ಹಾದು
ನಿಜವಾದ ನೆಲವೂ ನಡುಗಿತು;
ನಾನು ಕೂತಲ್ಲೇ ಕಾಲೆತ್ತಿದೆ.
ಪಕ್ಕದ ಶಂಷಾದ್‌ಬೀ ಶೇಂಗಾದ ಸಿಪ್ಪೆ ಊದುತ್ತ
"ಬಿಡವ್ವ ಹುಲಿಗೆವ್ವಾ, ಮೋಸದಾಟ ಅದು" ಅಂದಳು.

ಮೋಸವೇ. ಆದರೆ ಅದಕ್ಕೂ ಒಂದು ನೀತಿ ಐತೆ:
ಒಮ್ಮೆ ಬೀಳಿಸಿದಲ್ಲೇ ಮತ್ತೆ ಬೀಳಿಸುತ್ತದೆ,
ಮಾತು ಬದಲಿಸುವುದಿಲ್ಲ.
ನಮ್ಮ ಎರ್ರಿಸ್ವಾಮಿ ಹಾಗಲ್ಲ.
ಹೋದ ವಾರ ಹೊಲಿಗೆ ವಾಲಿತ್ತು ಅಂತ ಹಿಡಿದ,
ಈ ವಾರ ನೆಟ್ಟಗಿದೆ, ಆದರೆ ನಿಧಾನ ಅಂತ.
ಶನಿವಾರದ ಕವರಿನಲ್ಲಿ
ಪ್ರತಿ ಸಲವೂ ಹೊಸ ಕಡೆ ನೆಲ ಕುಸಿಯುತ್ತದೆ.

ಇನ್ನು ನಾನೋ?
ನಾನು ಹೊಲಿಯುವುದು ಹುಡುಗಿಯರ ಪ್ಯಾಂಟಿನ ಮುಂದಿನ ಜೇಬು.
ಜೇಬಿನ ಬಾಯಿ ಅನ್ನಬೇಕು.
ಅಂಚು ಮಡಚಿ ಎರಡು ಸಾಲು ಹಳದಿ ದಾರ,
ಮೂಲೆಗೆ ತಾಮ್ರದ ಗುಂಡಿ.
ಒಳಗೆ ಚೀಲವಿಲ್ಲ.
ದಿನಕ್ಕೆ ನೂರೆಂಬತ್ತು.
ಎಲ್ಲೋ ಒಬ್ಬಳು ಬಸ್ಸಿನ ಚಿಲ್ಲರೆ ಇಡಲು ಹೋಗಿ
ಉಗುರು ಮಡಚಿಕೊಂಡು "ಥೂ" ಅನ್ನುತ್ತಾಳೆ.
ಆ ಥೂ ನನಗೆ ಸೇರಬೇಕಾದದ್ದು.
ಇಷ್ಟು ದಿನ ವಿಳಾಸ ತಪ್ಪಿ ಅಲೆಯುತ್ತಿತ್ತು.

ಐವತ್ತೆರಡನೇ ಸಾವಿನಲ್ಲಿ ಹೊಳೆಯಿತು:
ಈ ಆಟ ಕಟ್ಟಿದವನು ಯಾವ ಊರಿನವನೋ,
ನನ್ನನ್ನು ಎಷ್ಟು ಯೋಚಿಸಿದ್ದಾನೆ!
ಇಲ್ಲಿ ಇವಳಿಗೆ ಧೈರ್ಯ ಬರುತ್ತದೆ, ಮುಳ್ಳಿಡು.
ಇಲ್ಲಿ ಅನುಮಾನ ಬಂದು ನಿಲ್ಲುತ್ತಾಳೆ, ನೆಲ ತೆಗೆ.
ನನ್ನ ಕಾಲು ಎಲ್ಲಿ ಬೀಳುತ್ತದೆಂದು
ಇಷ್ಟು ಅಕ್ಕರೆಯಿಂದ ಲೆಕ್ಕ ಹಾಕಿದವರು
ಹುಟ್ಟಿದ ಮನೆಯಲ್ಲಿಲ್ಲ, ಸೇರಿದ ಮನೆಯಲ್ಲೂ ಇಲ್ಲ.
ನಗು ಬಂತು. ಎಂಥಾ ನಗು,
ಶಂಷಾದ್‌ಬೀಯ ಉಡಿಯಿಂದ ಶೇಂಗಾ ಚೆಲ್ಲಿತು.

ಅರವತ್ತೋ ಅರವತ್ತೊಂದೋ,
ಬಾಗಿಲಿಗೆ ಬೆನ್ನು ಹಾಕಿ ಹಿಂದಕ್ಕೆ ನಡೆದೆ,
ಗೋಡೆ ಅಂತ ನಂಬಿದ್ದರ ಒಳಗೇ.
ಗೋಡೆ ಬರೀ ಬಣ್ಣ.
ಆ ಕಡೆಯಿಂದ ಸುತ್ತಿ ಬಂದರೆ
ಬಾಗಿಲಿಗೆ ಓಡಲು ಹೊತ್ತು ಸಾಲಲಿಲ್ಲ.
"ಅಕ್ಕಾ, ಇದು ನಂಗೇ ಗೊತ್ತಿರಲಿಲ್ಲ" ಅಂದ ಜಿಲಾನಿ,
ಕೆನ್ನೆಯ ನಗು ಕೊನೆಗೂ ಕೈಗೆ ಬಂತು.
ಬಾಗಿಲು ತೆರೆದರೆ ಅದೇ ನೆಲ, ಅದೇ ಮನುಷ್ಯ,
ಮೇಲೆ ಅಂಕಿ ಎರಡು.
ಅಷ್ಟರಲ್ಲಿ ಕರೆಂಟು.

ಮುಳುಗಿದ್ದ ಸೂಜಿಗಳೆಲ್ಲ ಎದ್ದವು.
ಸಂಜೆಗೆ ಮುಂಚೆ, ಎಷ್ಟನೇ ಪ್ಯಾಂಟಿಗೆಂದು ಹೇಳಲಾರೆ,
ಕಾಲ ಬಳಿ ಬಿದ್ದ ಬಿಳಿ ಅಸ್ತರಿನ ಚೂರು ಎತ್ತಿ
ಮಡಚಿ, ಮೂರು ಕಡೆ ಹೊಲಿದು, ಒಳಗಿಟ್ಟೆ.
ಎರ್ರಿಸ್ವಾಮಿ ಗುಂಡಿ ಎಳೆದು ನೋಡಿದ, ದಾರ ನೋಡಿದ,
ಜೇಬಿಗೆ ಕೈ ಹಾಕಲಿಲ್ಲ. ಯಾರು ಹಾಕುತ್ತಾರೆ?

ಹೋಗಲಿ ಅದು, ಯಾವ ಊರಿಗೋ.
ಥೂ ಅನ್ನಲು ಬಾಯಿ ತೆರೆದವಳು
ಈ ಸಲ ಬೀಳಲಿ,
ಮಣಿಕಟ್ಟಿನವರೆಗೂ.